ಸಕ್ಕರೆ ಮುಗಿದ ಮೇಲೆ ಯೀಸ್ಟ್ ಏನನ್ನು ತಿನ್ನುತ್ತದೆ?

1980ರ ದಶಕದಲ್ಲಿ ಈ ಶಾಲೆಯಲ್ಲಿ ಜೀವಶಾಸ್ತ್ರ ಬೋಧಿಸುತ್ತಿದ್ದಾಗ, ಹುದುಗುವಿಕೆಯ ಪಾಠಕ್ಕೆ ನಮ್ಮ ಕಡೆಯ ಸಣ್ಣವನ್ನೇ ಉದಾಹರಣೆಯಾಗಿ ಕೊಡುತ್ತಿದ್ದೆ. ಅರೆದ ಅಕ್ಕಿಗೆ ಕಳ್ಳು ಬೆರೆಸಿದರೆ ಅದರಲ್ಲಿರುವ ಯೀಸ್ಟ್ ಸಕ್ಕರೆಯನ್ನು ಮದ್ಯಸಾರವಾಗಿಯೂ ಇಂಗಾಲದ ಡೈ ಆಕ್ಸೈಡ್ ಆಗಿಯೂ ಮಾರ್ಪಡಿಸುತ್ತದೆ. ಆ ಅನಿಲದಿಂದ ಹಿಟ್ಟು ಉಬ್ಬುತ್ತದೆ. ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಎದ್ದು, "ಮಾಸ್ಟ್ರೇ, ಸಕ್ಕರೆ ಮುಗಿದ ಮೇಲೆ ಯೀಸ್ಟ್ ಏನು ತಿನ್ನುತ್ತದೆ?" ಎಂದು ಕೇಳಿದಳು. "ಬೆಳವಣಿಗೆ ನಿಲ್ಲುತ್ತದೆ" ಎಂದಷ್ಟೇ ಹೇಳಿ ಅವಳನ್ನು ಕುಳ್ಳಿರಿಸಿದೆ. ಆ ಉತ್ತರ ಅಪೂರ್ಣವಾಗಿತ್ತು. ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಆ ಸಾಲವನ್ನು ತೀರಿಸಲು ಬಯಸುತ್ತೇನೆ.

ಯೀಸ್ಟಿನ ಆನುವಂಶಿಕ ಲಿಪಿಯನ್ನು ವಿಜ್ಞಾನಿಗಳು 1996ರಲ್ಲಿ ಪೂರ್ಣವಾಗಿ ಓದಿ ಮುಗಿಸಿದರು. ಅದರಲ್ಲಿರುವ ವಂಶವಾಹಿಗಳು ಸುಮಾರು 6,000. ಪ್ರತಿಯೊಂದು ಕೋಶದಲ್ಲೂ ಇವೆಲ್ಲವೂ ಇರುತ್ತವೆ; ಆದರೆ ಎಲ್ಲವೂ ಏಕಕಾಲದಲ್ಲಿ ಕೆಲಸ ಮಾಡುವುದಿಲ್ಲ. ನಮ್ಮ ಶಾಲೆಯ ಗ್ರಂಥಾಲಯವನ್ನು ನೆನೆಯಿರಿ: ಕಪಾಟಿನಲ್ಲಿ ಪುಸ್ತಕಗಳು ಅನೇಕ, ಮೇಜಿನ ಮೇಲೆ ತೆರೆದಿರುವವು ಕೆಲವೇ. ಹೀಗೆ ತೆರೆದ ವಂಶವಾಹಿಯಿಂದ ಆರ್‌.ಎನ್‌.ಎ. ಪ್ರತಿಗಳು ಸಿದ್ಧವಾಗುತ್ತವೆ, ಅವುಗಳ ಆಧಾರದಿಂದ ಪ್ರೋಟೀನುಗಳು ತಯಾರಾಗುತ್ತವೆ.

1997ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೋಸೆಫ್ ಡಿರೈಸಿ, ವಿಶ್ವನಾಥ್ ಅಯ್ಯರ್ ಮತ್ತು ಪ್ಯಾಟ್ರಿಕ್ ಬ್ರೌನ್ ಈ ಬದಲಾವಣೆಯನ್ನು ಅಳೆದು ತೋರಿಸಿದರು. ಗ್ಲೂಕೋಸ್ ದ್ರಾವಣದಲ್ಲಿ ಯೀಸ್ಟನ್ನು ಬೆಳೆಸಿ, ಎರಡೆರಡು ಗಂಟೆಗೊಮ್ಮೆ ಮಾದರಿ ತೆಗೆದರು. ಗಾಜಿನ ಫಲಕದ ಮೇಲೆ ಹೆಚ್ಚುಕಡಿಮೆ ಎಲ್ಲ ವಂಶವಾಹಿಗಳ ಚುಕ್ಕೆಗಳನ್ನಿಟ್ಟು, ಕೆಂಪು ಮತ್ತು ಹಸಿರು ಹೊಳೆಯುವ ಬಣ್ಣಗಳ ಸಹಾಯದಿಂದ ಯಾವುದರ ಪ್ರತಿಗಳು ಹೆಚ್ಚಿದವು, ಯಾವುದರವು ಕಡಿಮೆಯಾದವು ಎಂದು ಕಂಡುಕೊಂಡರು.

ಸಕ್ಕರೆ ಸಮೃದ್ಧವಾಗಿದ್ದಾಗ, ಮೊದಲ ಎರಡು ಮಾದರಿಗಳ ನಡುವೆ ಕೇವಲ 19 ವಂಶವಾಹಿಗಳಲ್ಲಿ ಎರಡು ಪಟ್ಟು ಅಥವಾ ಅದಕ್ಕೂ ಮೀರಿದ ವ್ಯತ್ಯಾಸವಿತ್ತು. ಸಕ್ಕರೆ ಮುಗಿಯುತ್ತ ಬಂದಂತೆ ಚಿತ್ರವೇ ಬದಲಾಯಿತು. ಸುಮಾರು 710 ವಂಶವಾಹಿಗಳ ಪ್ರತಿಗಳು ಎರಡು ಪಟ್ಟಿಗಿಂತ ಹೆಚ್ಚಾದವು. ಸುಮಾರು 1,030ರ ಪ್ರತಿಗಳು ಅರ್ಧಕ್ಕಿಂತಲೂ ಕೆಳಗಿಳಿದವು. ಪ್ರೋಟೀನು ತಯಾರಿಕೆಯಂತಹ ದುಬಾರಿ ಕೆಲಸಗಳು ತಗ್ಗಿ, ಆಮ್ಲಜನಕದ ನೆರವಿನಿಂದ ಶಕ್ತಿ ಪಡೆಯುವ ವ್ಯವಸ್ಥೆ ಚುರುಕಾಯಿತು. ಯೀಸ್ಟ್ ಈಗ ತಾನೇ ತಯಾರಿಸಿದ್ದ ಮದ್ಯಸಾರವನ್ನು ಆಹಾರವಾಗಿ ಬಳಸತೊಡಗಿತು!

ಇದು ಹೇಗೆ ಸಾಧ್ಯ? ಗ್ಲೂಕೋಸ್ ಇರುವವರೆಗೆ ಮಿಗ್1 ಎಂಬ ಪ್ರೋಟೀನು ಕೋಶಕೇಂದ್ರದಲ್ಲಿದ್ದು, ಬೇರೆ ಆಹಾರಕ್ಕೆ ಬೇಕಾದ ಹಲವು ವಂಶವಾಹಿಗಳಿಗೆ ಬೀಗ ಹಾಕಿರುತ್ತದೆ. ಗ್ಲೂಕೋಸ್ ಕಡಿಮೆಯಾದಾಗ ಸ್ನಫ್1 ಎಂಬ ಕಿಣ್ವ ಎಚ್ಚೆತ್ತು ಮಿಗ್1ನ್ನು ಹೊರಗೆ ಕಳುಹಿಸುತ್ತದೆ; ಬೀಗ ತೆರೆಯುತ್ತದೆ. ಮತ್ತೆ ಸಕ್ಕರೆ ದೊರೆತರೆ ಬೀಗ ಮತ್ತೆ ಬೀಳುತ್ತದೆ. ಪುಸ್ತಕಗಳು ಅವೇ, ಓದುವ ಪುಟ ಮಾತ್ರ ಬೇರೆ.

ಆ ವಿದ್ಯಾರ್ಥಿನಿ ಈಗ ಎಲ್ಲಿರುವಳೋ ಅರಿಯೆ. ಈ ಪುಟ ಅವಳ ಕೈ ಸೇರಿದರೆ ನಾನು ಕೃತಾರ್ಥ. ಇಂದು ಅದೇ ಬೆಂಚುಗಳಲ್ಲಿ ಕುಳಿತಿರುವ ಮಕ್ಕಳಲ್ಲಿ ನನ್ನದೊಂದು ವಿನಂತಿ: ಗುರುಗಳ ಉತ್ತರ ಅರ್ಧವೆನಿಸಿದರೆ ಸಂಕೋಚಪಡದೆ ಮತ್ತೊಮ್ಮೆ ಎದ್ದು ನಿಂತು ಕೇಳಿರಿ.