ಬೀಜಕ್ಕೂ ಮುಪ್ಪು ಬರುತ್ತದೆ

ದೀಪಾವಳಿಯ ಸುಮಾರಿಗೆ ರಾಶಿ ಮಾಡಿ, ಹುಳ ಮುಟ್ಟದಂತೆ ಕಾಯ್ದಿಟ್ಟ ಸೋಯಾಬೀನ್ ಬೀಜ ಜೂನ್ ತಿಂಗಳಲ್ಲಿ ಅರ್ಧವೂ ಮೊಳೆಯದೆ ಹೋಗುವುದುಂಟು. ಅದೇ ಮನೆಯಲ್ಲಿಟ್ಟ ಕಡಲೆ ಮಾತ್ರ ಚೆನ್ನಾಗಿ ಹುಟ್ಟುತ್ತದೆ. ಕಲಘಟಗಿ, ಕುಂದಗೋಳ ಕಡೆಯ ಸೋಯಾ ಬೆಳೆಗಾರರು ಇದರ ಕಾರಣ ತಿಳಿದಿರುವುದು ಒಳ್ಳೆಯದು.

ಬೀಜ ಮಲಗಿರುವ ಜೀವ. ಅದರ ಪ್ರತಿ ಜೀವಕೋಶದಲ್ಲೂ ಮೈಟೊಕಾಂಡ್ರಿಯ ಎಂಬ ಸೂಕ್ಷ್ಮ ಭಾಗಗಳಿವೆ. ಆಮ್ಲಜನಕದ ನೆರವಿನಿಂದ ಆಹಾರವನ್ನು ಉರಿಸಿ ಶಕ್ತಿ ಒದಗಿಸುವುದು ಇವುಗಳ ಕೆಲಸ. ಹೊಗೆಯಿಲ್ಲದ ಡೀಸೆಲ್ ಎಂಜಿನ್ ಉಂಟೆ? ಇಲ್ಲಿಯೂ ಸ್ವಲ್ಪ ಆಮ್ಲಜನಕ ಕೆರಳಿದ ರೂಪ ತಾಳಿ, ಮೈಟೊಕಾಂಡ್ರಿಯದ ಪೊರೆಯನ್ನೇ ಕೆಡಿಸುತ್ತದೆ. ಪೊರೆ ಜಿಡ್ಡಿನಿಂದಾದದ್ದು. ಬಣವೆಗೆ ಬಿದ್ದ ಕಿಡಿಯಂತೆ ಒಂದು ಕಣ ಕೆಟ್ಟರೆ ಪಕ್ಕದ್ದೂ ಕೆಡುತ್ತದೆ. ಹಳೆಯ ಶೇಂಗಾ ಕಾಳಿನ ಕಮಟು ವಾಸನೆಯೂ ಇದೇ ಬಗೆಯ ಕೆಡುಕಿನಿಂದ ಬಂದದ್ದು. ಬೀಜ ಮಲಗಿದ್ದಾಗಲೂ ಗಾಳಿಯ ಆಮ್ಲಜನಕ ಈ ಕೆಲಸವನ್ನು ಮೆಲ್ಲಗೆ ನಡೆಸಿಯೇ ಇರುತ್ತದೆ. ಕಡಲೆಯಲ್ಲಿ ಎಣ್ಣೆ ಶೇಕಡಾ ಐದರ ಆಸುಪಾಸು. ಸೋಯಾದಲ್ಲಿ ಇಪ್ಪತ್ತರಷ್ಟು, ಸಿಪ್ಪೆಯೂ ತೆಳು.

ಇದನ್ನು ತಡೆಯುವ ಕಾವಲುಗಾರ ಬೀಜದೊಳಗೇ ಇದ್ದಾನೆ. ಪೊರೆಯಲ್ಲಿ ನೆಲೆಸಿರುವ ಇ ಜೀವಸತ್ವ ತಾನೇ ಖರ್ಚಾಗಿ ಆ ಸರಪಳಿಯನ್ನು ಕಡಿಯುತ್ತದೆ. ಹಸಿರೆಲೆಯಲ್ಲಾದರೆ ಸಿ ಜೀವಸತ್ವವು ಖರ್ಚಾದ ಇ ಜೀವಸತ್ವವನ್ನು ಮರಳಿ ಸಜ್ಜುಗೊಳಿಸುತ್ತದೆ. ಒಣ ಬೀಜದಲ್ಲಿ ಆ ದುರಸ್ತಿಗೆ ಬೇಕಾದಷ್ಟು ನೀರಿಲ್ಲ. ಹೊಲದಿಂದ ತಂದ ಗಂಟೇ ಗಂಟು. ಅಮೆರಿಕದ ಮಿಶಿಗನ್ ರಾಜ್ಯ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸಾಸಿವೆ ಕುಲದ ಒಂದು ಚಿಕ್ಕ ಸಸ್ಯದಲ್ಲಿ ಇದನ್ನು ತೋರಿಸಿ 2004ರಲ್ಲಿ ಪ್ರಕಟಿಸಿದರು: ಇ ಜೀವಸತ್ವವಿಲ್ಲದ ಬೀಜ ಬಹುಬೇಗ ಮೊಳಕೆಶಕ್ತಿ ಕಳೆದುಕೊಂಡಿತು.

ಬಿತ್ತಿದ ಬೀಜ ನೀರು ಕುಡಿದೊಡನೆ ಮೈಟೊಕಾಂಡ್ರಿಯ ಮತ್ತೆ ಚಾಲೂ ಆಗಬೇಕು. ಪೊರೆಗಳು ಹರಿದಿದ್ದರೆ ಶಕ್ತಿ ಹುಟ್ಟದು. ಒಳಗಿನ ಸಕ್ಕರೆ ಹೊರಗೆ ಸೋರಿ ಮಣ್ಣಿನ ಬೂಷ್ಟನ್ನು ಕರೆಯುತ್ತದೆ. ಬೀಜ ಕೊಳೆಯುತ್ತದೆ. ನಾವು ಮಳೆಯನ್ನು ದೂರುತ್ತೇವೆ!

ಗಂಟು ಬೇಗ ಕರಗುವುದು ತೇವ ಮತ್ತು ಕಾವಿನಿಂದ. ತೇವಾಂಶ ಶೇಕಡಾ ಒಂದು ತಗ್ಗಿದರೆ ಬೀಜದ ಆಯುಷ್ಯ ಇಮ್ಮಡಿ, ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ತಗ್ಗಿದರೂ ಇಮ್ಮಡಿ ಎಂಬುದು ಬೀಜಶಾಸ್ತ್ರದ ಸ್ಥೂಲ ಲೆಕ್ಕ. ಆದುದರಿಂದ ಸೋಯಾ ಬೀಜವನ್ನು ತೇವ ಶೇಕಡಾ 9–10ಕ್ಕೆ ಇಳಿಯುವಂತೆ ಒಣಗಿಸಿರಿ. ಕಾದ ಡಾಂಬರು ರಸ್ತೆಯ ಮೇಲೆ ಮಾತ್ರ ಬೇಡ. ಒಕ್ಕುವ ಯಂತ್ರದ ವೇಗ ತಗ್ಗಿಸಿರಿ. ಚೀಲಗಳನ್ನು ಎತ್ತಿ ಒಗೆಯಬೇಡಿರಿ. ತಗಡಿನ ಕೆಳಗೆ, ಗೊಬ್ಬರದ ಪಕ್ಕ ಇಡದೆ, ತಂಪಾದ ಕೋಣೆಯಲ್ಲಿ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಒಟ್ಟಿರಿ. ಶೇಂಗಾ ಬೀಜವಾದರೆ ಕಾಯಿಯಲ್ಲೇ ಇರಲಿ. ಬಿತ್ತುವ ಮುಂಚೆ ಕೈಯಿಂದ ಸುಲಿದರಾಯಿತು. ಸರಿಯಾಗಿ ಒಣಗದ ಬೀಜಕ್ಕೆ ಯಾವ ಪುಡಿ ಲೇಪಿಸಿದರೂ ಲೇಪ ಹೊರಗೇ ಉಳಿಯುತ್ತದೆ.

ಮೇ ತಿಂಗಳಲ್ಲಿ ಆರಿಸದೆ ನೂರು ಕಾಳು ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ, ತೇವ ಆರದಂತೆ ಒಂದು ವಾರ ಇಡಿರಿ. ಎಪ್ಪತ್ತು ಮೊಳೆತರೆ ಚಿಂತೆಯಿಲ್ಲ. ಅರವತ್ತಾದರೆ, 30 ಕಿಲೋ ಬಿತ್ತುವಲ್ಲಿ 35 ಕಿಲೋ ಬೇಕು. ಐವತ್ತಕ್ಕೂ ಕೆಳಗಿದ್ದರೆ ಎಣ್ಣೆ ಗಿರಣಿಗೆ ಮಾರಿಬಿಡಿರಿ. ಬೇರೆ ಬೀಜ ಹುಡುಕಲು ಆಗಿನ್ನೂ ವೇಳೆ ಇರುತ್ತದೆ.