ಯೂನಿವರ್ಸಿಟಿ ಕೆಲಸಕ್ಕೆ ಅಪ್ಲೈ ಮಾಡ್ತಿದ್ದೀರಾ? ಮೊದಲು ಯಾವ ಬಾಗಿಲು ಅಂತ ನೋಡಿ

ಹಿಂಜವಡಿಯಲ್ಲೋ ಗಚ್ಚಿಬೌಲಿಯಲ್ಲೋ ಏಳೆಂಟು ವರ್ಷ ಕೋಡ್ ಬರೆದವರಿಗೆ ಒಂದು ಯೋಚನೆ ಬಂದೇ ಬರುತ್ತೆ: ಕಂಪನಿ ಬಿಟ್ಟು ಯೂನಿವರ್ಸಿಟಿ ಕಡೆ ಹೋದ್ರೆ ಹೇಗೆ? ಅಲ್ಲಿ ಪಾಠ ಮಾಡೋರಿಗಷ್ಟೇ ಕೆಲಸ ಅಂದ್ಕೋಬೇಡಿ. ಸರ್ವರ್ ನೋಡಿಕೊಳ್ಳೋರು, ಲ್ಯಾಬ್ ನಡೆಸೋರು, ಸಂಶೋಧನೆಗೆ ಸಾಫ್ಟ್‌ವೇರ್ ಬರೆಯೋರು, ಲೆಕ್ಕಪತ್ರ ಬರೆಯೋರು ಎಲ್ಲರೂ ಬೇಕು. ಮುಂಬೈನ ಪವಾಯಿಯಲ್ಲಿರುವ ಐಐಟಿ ಬಾಂಬೆಯನ್ನೇ ಉದಾಹರಣೆಯಾಗಿ ತಗೊಳ್ಳೋಣ. ಅಲ್ಲಿಗೆ ಎರಡು ಬಾಗಿಲು.

ಒಂದು, ಪ್ರಾಜೆಕ್ಟ್ ಹುದ್ದೆ. ಇವು ಐಆರ್‌ಸಿಸಿ, ಅಂದ್ರೆ ಇಂಡಸ್ಟ್ರಿಯಲ್ ರಿಸರ್ಚ್ ಅಂಡ್ ಕನ್ಸಲ್ಟೆನ್ಸಿ ಸೆಂಟರ್ ಮೂಲಕ ಬರುತ್ತವೆ. ಪ್ರೊಫೆಸರ್ ಒಬ್ಬರಿಗೆ ಸರ್ಕಾರದಿಂದಲೋ ಕಂಪನಿಯಿಂದಲೋ ಸಂಶೋಧನೆಗೆ ಹಣ ಬಂದಿರುತ್ತೆ, ಅದರಿಂದಲೇ ನಿಮ್ಮ ಸಂಬಳ. ಪ್ರಾಜೆಕ್ಟ್ ಸಾಫ್ಟ್‌ವೇರ್ ಇಂಜಿನಿಯರ್, ಪ್ರಾಜೆಕ್ಟ್ ರಿಸರ್ಚ್ ಅಸಿಸ್ಟೆಂಟ್ ಅಂತ ಹೆಸರು ಚೆನ್ನಾಗೇ ಇರುತ್ತೆ. ಆದರೆ ಹಣ ಮುಗಿದರೆ ಹುದ್ದೆಯೂ ಮುಗೀತು, ನೀವೆಷ್ಟೇ ಚೆನ್ನಾಗಿ ಕೆಲಸ ಮಾಡಿದ್ರೂ ಸರಿ.

ಎರಡು, ಸಂಸ್ಥೆಯ ಸ್ವಂತ ಸ್ಟಾಫ್ ಹುದ್ದೆ. ಟೆಕ್ನಿಕಲ್ ಆಫೀಸರ್, ಸೂಪರಿಂಟೆಂಡೆಂಟ್ ಇತ್ಯಾದಿ. ಇಲ್ಲಿ 7ನೇ ವೇತನ ಆಯೋಗದ ಲೆವೆಲ್ ಲೆಕ್ಕ. ಲೆವೆಲ್ 6ರ ಆರಂಭಿಕ ಮೂಲ ವೇತನ 35,400 ರೂಪಾಯಿ, ಲೆವೆಲ್ 10ರದ್ದು 56,100. ಇದರ ಮೇಲೆ ಡಿಎ, ಎಚ್‌ಆರ್‌ಎ ಸೇರುತ್ತೆ. ಹಾಗಾಗಿ ಬರೀ ಮೂಲ ವೇತನವನ್ನು ನಿಮ್ಮ ಸಿಟಿಸಿ ಜೊತೆ ಹೋಲಿಸಿ ಗಾಬರಿ ಆಗ್ಬೇಡಿ. ಆದರೆ ವಯೋಮಿತಿ, ಲಿಖಿತ ಪರೀಕ್ಷೆ, ಇಂಟರ್‌ವ್ಯೂ ಅಂತ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಈ ಬಾಗಿಲಲ್ಲೂ ಕೆಲವು ಜಾಹೀರಾತುಗಳಲ್ಲಿ 'ಆನ್ ಕಾಂಟ್ರಾಕ್ಟ್' ಅಂತ ಇರುತ್ತೆ. ಆ ಎರಡು ಪದ ಇದೆಯಾ ಅಂತ ಹುಡುಕಿ.

ಪಿಎಚ್‌ಡಿ ಆಸೆ ಇರೋರಿಗೆ ಜೆಆರ್‌ಎಫ್ ಇದೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2023ರ ಜನವರಿ 1ರಿಂದ ಅನ್ವಯವಾಗುವಂತೆ ಇದನ್ನು ತಿಂಗಳಿಗೆ 37,000 ರೂಪಾಯಿಗೆ ಏರಿಸಿತು, ಎಚ್‌ಆರ್‌ಎ ಬೇರೆ. ಸಾಮಾನ್ಯವಾಗಿ ನೆಟ್ ಅಥವಾ ಗೇಟ್ ಬೇಕು.

ಕಂಪನಿಗೆ ರಾಜೀನಾಮೆ ಕೊಡೋ ಮುಂಚೆ ಮೂರು ಪ್ರಶ್ನೆ ಕೇಳಿ. ಪ್ರಾಜೆಕ್ಟ್‌ನ ಹಣ ಯಾವ ತಿಂಗಳವರೆಗೆ ಇದೆ? ನನ್ನ ನೇಮಕ ಎಷ್ಟು ತಿಂಗಳಿಗೆ, ಮುಂದುವರಿಸೋದು ಯಾರ ಕೈಲಿದೆ? ನನ್ನ 90 ದಿನದ ನೋಟಿಸ್ ಪೀರಿಯಡ್ ಮುಗಿಯೋವರೆಗೆ ಕಾಯ್ತೀರಾ? ಉತ್ತರ ಬಾಯಿಮಾತಲ್ಲಿ ಬೇಡ, ಇಮೇಲ್‌ನಲ್ಲೇ ತರಿಸಿಕೊಳ್ಳಿ. ಅನುಭವದ ವರ್ಷಗಳನ್ನು ಯಾವ ದಿನಾಂಕಕ್ಕೆ ಎಣಿಸ್ತಾರೆ ಅನ್ನೋದನ್ನೂ ಜಾಹೀರಾತಲ್ಲೇ ನೋಡ್ಕೊಳ್ಳಿ.

ಪ್ರಾಜೆಕ್ಟ್ ಹುದ್ದೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಸಂಶೋಧನೆ ನನಗೆ ಒಗ್ಗುತ್ತಾ ಅಂತ ಪರೀಕ್ಷೆ ಮಾಡಿ ನೋಡೋಕೆ ಅದಕ್ಕಿಂತ ಒಳ್ಳೆ ದಾರಿ ಕಮ್ಮಿ. ಆದರೆ ಮನೆ ಸಾಲದ ಇಎಂಐ ತಲೆ ಮೇಲಿದ್ದು, ಊರಲ್ಲಿ ಅಪ್ಪ-ಅಮ್ಮ ನಿಮ್ಮನ್ನೇ ನೆಚ್ಚಿಕೊಂಡಿದ್ರೆ, 'ಐಐಟಿ' ಅನ್ನೋ ಹೆಸರೊಂದನ್ನೇ ನೋಡಿ ಮೊದಲ ಬಾಗಿಲು ತಟ್ಟಬೇಡಿ. ಹೆಸರು ಸಂಸ್ಥೆಯದ್ದು, ಅವಧಿ ಮಾತ್ರ ಪ್ರಾಜೆಕ್ಟ್‌ನದ್ದು.