ಕಬ್ಬು ರೈತನದು, ಕಾಟಾ ಕಾರ್ಖಾನೆಯದು

ಬೆಳಗಾವಿ ಜಿಲ್ಲೆಯ ಕುಲಗೋಡ ಸೀಮೆಯಲ್ಲಿ ಕಬ್ಬಿನ ಹಂಗಾಮು ಬಂತೆಂದರೆ ದರದ ಜಗಳವೂ ಬಂತೆಂದೇ ಅರ್ಥ. 2025ರ ಅಕ್ಟೋಬರ್ ಕೊನೆಯಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಬೆಳೆಗಾರರು ಧರಣಿ ಕುಳಿತರು. ಟನ್ನಿಗೆ 3,500 ರೂಪಾಯಿ ಬೇಕೇಬೇಕು ಎಂದು ಪಟ್ಟು ಹಿಡಿದರು. ನವೆಂಬರ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ 3,300 ರೂಪಾಯಿ ಘೋಷಿಸಿದರು. ಮೊದಲಿನ ಪ್ರಸ್ತಾಪಕ್ಕಿಂತ ಏರಿಸಿದ ನೂರು ರೂಪಾಯಿಯಲ್ಲಿ ಐವತ್ತು ಕಾರ್ಖಾನೆಯದು, ಐವತ್ತು ಸರ್ಕಾರದ್ದು. ಅದೇ ದಿನ ಹುಕ್ಕೇರಿ ತಾಲ್ಲೂಕಿನ ಹತ್ತರಗಿ ಟೋಲ್ ಬಳಿ ಕಲ್ಲು ತೂರಾಟ ನಡೆಯಿತು. ವಾರದೊಳಗೆ ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳಿಗೆ ಬೆಂಕಿ ಬಿತ್ತು. ಸುಟ್ಟದ್ದೂ ರೈತರ ಬೆಳೆಯೇ.

ಆ ಹಂಗಾಮಿಗೆ ಕೇಂದ್ರದ ಎಫ್‌ಆರ್‌ಪಿ (ನ್ಯಾಯೋಚಿತ ಮತ್ತು ಲಾಭದಾಯಕ ಬೆಲೆ) ಶೇ 10.25 ರಿಕವರಿಗೆ, ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣಕ್ಕೆ, ಟನ್ನಿಗೆ 3,550 ರೂಪಾಯಿ ಇತ್ತು. ಹಾಗಿದ್ದರೆ 3,500ಕ್ಕೆ ಹೋರಾಟ ಯಾಕೆ? ಎಫ್‌ಆರ್‌ಪಿಯಲ್ಲಿ ಕಟಾವು, ಸಾಗಣೆ ಖರ್ಚು ಮುರಿದ ಮೇಲೆ ಉಳಿದದ್ದಷ್ಟೇ ರೈತನ ಕೈಗೆ. ಹೋರಾಟಗಾರರು ಕೇಳಿದ್ದು ಆ ಖರ್ಚು ಕಳೆದ ಮೇಲೆ ಕೈಗೆ 3,500. ಕಾರ್ಖಾನೆಯವರ ಅಳಲೂ ಸುಳ್ಳಲ್ಲ: ಸಕ್ಕರೆಯ ಕನಿಷ್ಠ ಮಾರಾಟ ದರ 2019ರಲ್ಲಿ ಕಿಲೋಗೆ 31 ರೂಪಾಯಿಗೆ ನಿಂತದ್ದು, ಈ ಹೋರಾಟದ ಹೊತ್ತಿಗೂ ಅಲ್ಲೇ ಇತ್ತು.

ಆದರೆ ಜಗಳದ ಬೇರು ದರಕ್ಕಿಂತ ಆಳದಲ್ಲಿದೆ. ಕಡಿದ ಕಬ್ಬನ್ನು ಜೋಳದಂತೆ ಕೂಡಿಡಲಾಗದು. ಕಾರ್ಖಾನೆ ಯಾರ್ಡಿನಲ್ಲಿ ಟ್ರ್ಯಾಕ್ಟರ್ ಬಿಸಿಲಿಗೆ ನಿಂತಷ್ಟೂ ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಹಾಗಾಗಿ ಚೌಕಾಸಿಗೆ ರೈತನಿಗೆ ವೇಳೆಯೇ ಇಲ್ಲ. ತೂಗುವ ಕಾಟಾ ಕಾರ್ಖಾನೆಯದು, ರಿಕವರಿ ಹೇಳುವ ಪ್ರಯೋಗಾಲಯ ಕಾರ್ಖಾನೆಯದು, ಬಿಲ್ಲು ಬರೆಯುವ ಕೈಯೂ ಅದರದೇ. ಮೇಲಾಗಿ ಈ ಭಾಗದಲ್ಲಿ ಕಾರ್ಖಾನೆ ನಡೆಸುವ ಹಲವರು ರಾಜಕಾರಣಿಗಳೇ. ದೂರು ಒಯ್ಯುವುದು ಯಾರ ಮುಂದೆ?

ಕಾನೂನಿಗೇನೂ ಬರವಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ ಸೇರಿಸಬೇಕು. ಆದರೆ ಕಾನೂನು ಇದ್ದಮಾತ್ರಕ್ಕೆ ರೈತನ ಸಂಕಟ ತಪ್ಪಲಿಲ್ಲ: 2013ರ ನವೆಂಬರ್‌ನಲ್ಲಿ ಕಬ್ಬಿನ ದರದ ಹೋರಾಟ ನಡೆದಿದ್ದಾಗ ಬೆಳಗಾವಿಯ ಸುವರ್ಣಸೌಧದ ಎದುರೇ ರೈತರೊಬ್ಬರು ಪ್ರಾಣ ಬಿಟ್ಟರು.

ಇಂಥ ನೆಲದಲ್ಲಿ ವ್ಯಾಪಾರದ ನೀತಿಯೆಂದರೆ ಜಾತ್ರೆಗೆ ದೇಣಿಗೆ, ಶಾಲೆಗೆ ಬೆಂಚು ಕೊಡುವುದಲ್ಲ. ಹೊರಗಿನ ಕಾಟಾದಲ್ಲಿ ತೂಗಿಸಿಕೊಂಡು ಬಂದ ಚೀಟಿಯನ್ನು ಒಪ್ಪುವುದು, ರಿಕವರಿ ಪರೀಕ್ಷೆಗೆ ರೈತರ ಪ್ರತಿನಿಧಿಯನ್ನು ಕೂರಿಸುವುದು, ಕಟಾವಿಗೆ ಮೊದಲೇ ದರ ಮತ್ತು ಕಡಿತದ ಲೆಕ್ಕವನ್ನು ಗೇಟಿನ ಮೇಲೆ ಬರೆಯುವುದು. ಇದಕ್ಕೆಲ್ಲ ಸರ್ಕಾರದ ಆದೇಶಕ್ಕೆ ಕಾಯಬೇಕಿಲ್ಲ, ಕಾರ್ಖಾನೆಯ ಆಡಳಿತ ಮಂಡಳಿ ಮನಸ್ಸು ಮಾಡಿದರೆ ಸಾಕು. ಹಂಗಾಮಿಗೆ ಮೊದಲು ತೆರೆಯದ ಲೆಕ್ಕವನ್ನು ರೈತ ರಸ್ತೆಗಿಳಿದು ಕೇಳುತ್ತಾನೆ. ಆಗ ಎರಡೂ ಕಡೆಗೆ ನಷ್ಟ.